ನಡುವೆ ಕಾಲಿಲ್ಲದ ಹಲಗೆ

ಹೊಳೆ ಬಳಸಿಕೊಂಡು ಹೋಗುವ ಒಂದು ತಿರುವಿನಲ್ಲಿ ಆಶ್ರಮವಿತ್ತು. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಅಷ್ಟೇ ಜನ.

ಗುರುವನ್ನು ಎಲ್ಲರೂ ಅಜ್ಜಾರು ಎಂದು ಕರೆಯುತ್ತಿದ್ದರು. ಎಲ್ಲರೂ ಎಂದೆನಲ್ಲ, ಈಗ ಹಾಗೆ ಕರೆಯುವುದಕ್ಕೆ ಉಳಿದಿದ್ದವನು ಶಿಷ್ಯ ಗದಿಗೆಪ್ಪ ಒಬ್ಬನೇ.

ಆ ಆಶ್ರಮದಲ್ಲಿ ಹಿಂದಿನಿಂದ ನಡೆದುಬಂದ ಒಂದು ರೂಢಿಯಿತ್ತು. ಬೆಳಗಾಗುತ್ತಲೇ ಗುರು ಕಟ್ಟೆಯ ಮೇಲೆ ಕೂತು ಆ ದಿನದ ಕೆಲಸಗಳನ್ನು ಒಂದೊಂದಾಗಿ ಕೂಗಬೇಕು. ಅಂಗಳದಲ್ಲಿ ಕೂತ ಶಿಷ್ಯರಲ್ಲಿ ಯಾರು ಮೊದಲು ಕೈ ಎತ್ತುತ್ತಾರೋ ಕೆಲಸ ಅವರದು. ಅವರು ಕರೆಯದ ಹೊರತು ಬೇರೆಯವರು ಆ ಕೆಲಸವನ್ನು ಮುಟ್ಟುವ ಹಾಗಿಲ್ಲ.

ಅಜ್ಜಾರು ಈಗಲೂ ಕೂಗುತ್ತಿದ್ದರು.

"ನೀರು ಯಾರು?"

ಖಾಲಿ ಅಂಗಳದಲ್ಲಿ ಒಬ್ಬನೇ ಕೂತ ಗದಿಗೆಪ್ಪ ಕೈ ಎತ್ತುತ್ತಿದ್ದ. "ನಾನ್ರಿ."

"ಕಟಗಿ ಯಾರು?"

"ನಾನ್ರಿ."

"ಅಡಗಿ ಯಾರು?"

"ನಾನ್ರಿ, ಅಜ್ಜಾರ."

ನೋಡಿದವರಿಗೆ ನಗು ಬರುತ್ತಿತ್ತೇನೋ. ನೋಡುವವರು ಇರಲಿಲ್ಲ.

ಒಂದು ಕಾಲಕ್ಕೆ ಆ ಅಂಗಳದಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಹೊಳೆ ದಾಟಿ ಬಂದವರಿಗೆಲ್ಲ ಊಟ ಹಾಕುತ್ತಿದ್ದರು. ಆಗಲೂ ಗದಿಗೆಪ್ಪನೇ ಎಲ್ಲರಿಗಿಂತ ಮುಂದು. ಅಜ್ಜಾರ ಬಾಯಿಂದ ಮಾತು ಪೂರ್ತಿ ಹೊರಬೀಳುವ ಮೊದಲೇ ಅವನ ಕೈ ಮೇಲಿರುತ್ತಿತ್ತು. ನೀರು ಅವನದು, ಕಟ್ಟಿಗೆ ಅವನದು, ಬಡಿಸುವುದು ಅವನದು, ಎಲೆ ಎತ್ತುವುದೂ ಅವನದೇ.

ಉಳಿದವರು ಕೂತಿರುತ್ತಿದ್ದರು. ಕೂತು ಕೂತು ಬೇಸತ್ತು, ಒಬ್ಬೊಬ್ಬರಾಗಿ ಗಂಟು ಕಟ್ಟಿಕೊಂಡು ಹೋದರು.

ಕೊನೆಗೆ ಹೋದವನು ಬಾಳಪ್ಪ. ಅವನಿಗೆ ಹೊಳೆಯಿಂದ ನೀರು ತರುವುದೆಂದರೆ ಜೀವ. ಅವತ್ತು ಮುಂಜಾನೆ ಅವನು ಬಹಳ ಬೇಗ ಎದ್ದು ಕೊಡ ಹಿಡಿದು ಅಂಗಳಕ್ಕೆ ಬಂದ. ನೋಡಿದರೆ ಬಾನಿ, ಹಂಡೆ, ತಂಬಿಗೆ ಎಲ್ಲ ತುಂಬಿ ತುಳುಕುತ್ತಿದ್ದವು. ಅಜ್ಜಾರು ಇನ್ನೂ ಕೂಗಿಯೇ ಇರಲಿಲ್ಲ. ಗದಿಗೆಪ್ಪ ಮೊದಲೇ ಎದ್ದು ಮುಗಿಸಿಬಿಟ್ಟಿದ್ದ.

ಬಾಳಪ್ಪ ಖಾಲಿ ಕೊಡ ಹಿಡಿದು ಸ್ವಲ್ಪ ಹೊತ್ತು ನಿಂತ. ಆಮೇಲೆ ಅದನ್ನು ಗೂಟಕ್ಕೆ ತೂಗುಹಾಕಿ ಹೊರಟುಹೋದ.

"ಮೈಗಳ್ಳರು," ಎಂದಿದ್ದ ಗದಿಗೆಪ್ಪ. ಅವನಿಗೆ ನಿಜವಾಗಿಯೂ ಹಾಗೇ ಅನಿಸಿತ್ತು.

ಇವೆಲ್ಲ ಹಳೆಯ ಮಾತು. ಈಗ ಅಜ್ಜಾರಿಗೆ ಕೋಲಿಲ್ಲದೆ ನಡೆಯಲು ಆಗುತ್ತಿರಲಿಲ್ಲ. ಗದಿಗೆಪ್ಪನ ತಲೆಯೂ ನೆರೆತಿತ್ತು.

ಒಂದು ದಿನ ಉಗ್ರಾಣದಲ್ಲಿ ಧಡಾರೆಂದು ಸದ್ದಾಯಿತು. ಗದಿಗೆಪ್ಪ ಓಡಿಹೋಗಿ ನೋಡಿದ. ಗೋಡೆಯಿಂದ ಗೋಡೆಗಿದ್ದ ಹಳೆಯ ಕಪಾಟಿನ ಹಲಗೆಗಳನ್ನು ಗೆದ್ದಲು ತಿಂದು ಹಾಕಿತ್ತು. ಅದರ ಮೇಲಿದ್ದ ತಾಮ್ರದ ಕೊಪ್ಪರಿಗೆ, ಬೀಸುವ ಕಲ್ಲುಗಳು, ರಾಶಿ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ಎಲ್ಲ ನೆಲಕ್ಕೆ ಬಿದ್ದಿದ್ದವು.

ನೆಲದ ಮೇಲೆ ಬಿಡುವ ಹಾಗಿಲ್ಲ. ಮಳೆಗಾಲದಲ್ಲಿ ಹೊಳೆ ಏರಿದರೆ ಉಗ್ರಾಣದೊಳಗೆ ಮೊಣಕಾಲುದ್ದ ನೀರು ನಿಲ್ಲುತ್ತದೆ. ಕೆಸರು ನುಗ್ಗಿದರೆ ತಾಮ್ರ ಹಾಳಾಗುತ್ತದೆ.

ಮರುದಿನ ಬೆಳಿಗ್ಗೆ ಅಜ್ಜಾರು ಕೂಗಿದರು. "ಕಪಾಟು ಯಾರು?"

"ನಾನ್ರಿ."

"ಏನೇನು ಇಡಾಂವಾ ಅದರಾಗ?"

"ಕೊಪ್ಪರಿಗಿ, ಬೀಸೂಕಲ್ಲು, ಹಂಚು. ಎಲ್ಲಾ ಭಾರ ಸಾಮಾನ್ರಿ."

"ನಮ್ಮಿಬ್ಬರಿಗೆ ಒಂದು ಸಣ್ಣ ಗಡಿಗಿ ಸಾಕಾಗೇತಿ. ಕೊಪ್ಪರಿಗಿ ಯಾರಿಗೆ ಇಡ್ತಿ?"

"ಬಂದವರಿಗ್ರಿ."

"ಯಾರು ಬರ್ತಾರ?"

ಗದಿಗೆಪ್ಪ ಎದ್ದ. ಹುಣಸೆಹಣ್ಣು ತೆಗೆದುಕೊಂಡು ಹೋಗಿ ಕೊಪ್ಪರಿಗೆಯನ್ನು ತಿಕ್ಕತೊಡಗಿದ. ಅಡುಗೆ ಕಾಣದ ಆ ಕೊಪ್ಪರಿಗೆಯನ್ನು ಅವನು ಪ್ರತಿ ಹುಣ್ಣಿಮೆಗೂ ಬಂಗಾರದ ಹಾಗೆ ಬೆಳಗುತ್ತಿದ್ದ. ಅದರೊಳಗೆ ಬಗ್ಗಿ ನೋಡಿದರೆ ಅವನದೇ ಮುಖ ಕಾಣುತ್ತಿತ್ತು.

ಅಜ್ಜಾರು ಕೋಲೂರಿಕೊಂಡು ಉಗ್ರಾಣದ ಬಾಗಿಲಿಗೆ ಬಂದು ನಿಂತರು. "ಎಂಥಾ ಹಲಗಿ ಆರಿಸ್ತಿ?"

"ಗಟ್ಟಿ ಇದ್ದದ್ದು."

"ಗಟ್ಟಿ ಅಂದ್ರ?"

"ಎಷ್ಟ ಭಾರ ಇಟ್ರೂ ಮುರೀಬಾರದು."

"ಹಂ," ಎಂದು ಅಜ್ಜಾರು ಬಂದ ಹಾಗೇ ತಿರುಗಿ ಹೋದರು.

ಗದಿಗೆಪ್ಪ ಪೇಟೆಗೆ ಹೋಗಿ ಕಟ್ಟಿಗೆ ಅಡ್ಡೆಯಲ್ಲಿ ಹಲಗೆಗಳನ್ನು ಹುಡುಕಿದ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದ. ಮಾವಿನ ಹಲಗೆ ಅಗ್ಗ, ಆದರೆ ಗೆದ್ದಲಿಗೆ ಅದು ಹಬ್ಬದೂಟ. ಬೇವು ಒಳ್ಳೆಯದೇ, ಆದರೆ ಉದ್ದ ಸಾಲದು. ಜಾಲಿ ಗಟ್ಟಿ, ಆದರೆ ಡೊಂಕು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರೂ ಅಷ್ಟು ತಪ್ಪು ಹುಡುಕುವುದಿಲ್ಲ.

ಕೊನೆಗೆ ಒಂದು ಹೊನ್ನೆಯ ಹಲಗೆ ಅವನ ಮನಸ್ಸಿಗೆ ಬಂತು. ಬೆರಳಗಲ ದಪ್ಪ, ಎಲ್ಲೂ ಗಂಟಿಲ್ಲ, ಈ ಗೋಡೆಯಿಂದ ಆ ಗೋಡೆಗೆ ಒಂದೇ ಉದ್ದಕ್ಕೆ ಬರುತ್ತದೆ. ಗಾಡಿಯಲ್ಲಿ ಹಾಕಿಸಿಕೊಂಡು ತಂದ.

ಅಂಗಳದಲ್ಲಿ ಎರಡು ಕಲ್ಲುಗಳ ಮೇಲೆ ಹಲಗೆಯ ಎರಡು ತುದಿಗಳನ್ನಿಟ್ಟು, ತಾನೇ ನಡುವೆ ಹತ್ತಿ ನಿಂತ. ನಿಂತಲ್ಲೇ ಕುಪ್ಪಳಿಸಿ ಕುಣಿದ.

"ನೋಡ್ರಿ ಅಜ್ಜಾರ! ಕಿರ್ ಅನ್ನವಲ್ದು!"

"ಎಷ್ಟೊತ್ತು ನಿಂತಿ ಅದರ ಮ್ಯಾಲ?"

"ಈಗ ನಿಂತೆನಲ್ರಿ."

"ಕೊಪ್ಪರಿಗಿ ಎಷ್ಟೊತ್ತು ಕೂಡ್ತೈತಿ?"

ಗದಿಗೆಪ್ಪ ಹಲಗೆಯಿಂದ ಇಳಿದ. ಈ ಪ್ರಶ್ನೆ ಅವನಿಗೆ ಅಷ್ಟು ಹಿಡಿಸಲಿಲ್ಲ.

"ನಡುವ ಕೆಳಗೊಂದು ಕಾಲು ಕೊಡಂಗಿಲ್ಲೇನು?" ಎಂದರು ಅಜ್ಜಾರು.

"ಇಂಥಾ ಹಲಗಿಗೆ ಕಾಲು ಯಾಕ್ರಿ? ಕೊಟ್ರ ಅದಕ್ಕ ಅವಮಾನ."

"ಹಲಗಿ ಹಂಗಂತೇನು?"

ಗದಿಗೆಪ್ಪ ನಕ್ಕುಬಿಟ್ಟ. ಅಜ್ಜಾರು ನಗಲಿಲ್ಲ.

ಎರಡು ಗೋಡೆಗಳಲ್ಲಿ ಕಂಡಿ ಕೊರೆದು ಅವನು ಹಲಗೆಯನ್ನು ಕೂರಿಸಿದ. ಇಬ್ಬರು ಗಂಡಸರು ಹಿಡಿಯಬೇಕಾದ ಕೊಪ್ಪರಿಗೆಯನ್ನು ತೊಲೆಗೆ ಹಗ್ಗ ಕಟ್ಟಿ, ಎಳೆದು, ಕಟ್ಟಿ, ಮತ್ತೆ ಎಳೆದು, ಒಬ್ಬನೇ ಮೇಲೇರಿಸಿದ. ಅದನ್ನು ನಟ್ಟನಡುವೆ ಇಟ್ಟ. ಅದರ ಎರಡು ಮಗ್ಗುಲಿಗೆ ಬೀಸುವ ಕಲ್ಲು, ಹಂಚು. ದಣಿದು ನೆಲಕ್ಕೆ ಕುಸಿದು ಕೂತು, ತನ್ನ ಕೆಲಸವನ್ನು ತಾನೇ ನೋಡಿ ಸಂತೋಷಪಟ್ಟ.

ಚೆನ್ನಾಗಿದೆ ಎನ್ನಲು ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಎಂದು ಒಂದು ಸಲ ಅನಿಸಿತು. ದಣಿವಿಗೆ ಹೀಗೆಲ್ಲ ಅನಿಸುತ್ತದೆ ಎಂದುಕೊಂಡು ಎದ್ದ.

ಅವನಿಗೆ ಒಂಟಿತನ ಕಾಡುತ್ತಿತ್ತು. ಅದನ್ನು ಅವನು ಎಷ್ಟೋ ಕಾಲದಿಂದ ದಣಿವು ಎಂದೇ ತಿಳಿದಿದ್ದ.

ಮರುದಿನ ಅಜ್ಜಾರು ಹಿತ್ತಲಿನ ಗಿಡದಿಂದ ಒಂದು ನಿಂಬೆಹಣ್ಣು ಕಿತ್ತು ತಂದರು. ಅದನ್ನು ಹಲಗೆಯ ತುದಿಯಲ್ಲಿ, ಗೋಡೆಗೆ ಹತ್ತಿರ ಇಟ್ಟರು. ಹಣ್ಣು ಇಟ್ಟಲ್ಲೇ ನಿಂತಿತು.

"ಭೇಷ್," ಎಂದರು.

ದಿನಾ ಅದೇ ಆಯಿತು. ಅಜ್ಜಾರು ಬರುತ್ತಿದ್ದರು, ನಿಂಬೆಹಣ್ಣು ಇಡುತ್ತಿದ್ದರು, ನೋಡಿ ಹೋಗುತ್ತಿದ್ದರು. ಜೋಳ ತೆನೆ ಹಿಡಿಯುವ ಹೊತ್ತಿಗೆ ಒಂದು ದಿನ ಹಣ್ಣು ನಿಲ್ಲಲಿಲ್ಲ. ಮೆಲ್ಲಗೆ ಉರುಳಿತು. ಉರುಳುತ್ತಾ ಹೋಗಿ ನಡುವಿನ ಕೊಪ್ಪರಿಗೆಗೆ ಬಡಿದು ನಿಂತಿತು.

ಗದಿಗೆಪ್ಪ ಬಗ್ಗಿ ನೋಡಿದ. ಹಲಗೆ ನಡುವೆ ಬಾಗಿತ್ತು. ಬಹಳವಲ್ಲ, ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವಷ್ಟು.

"ಮುರದಿಲ್ಲಲ್ರಿ," ಎಂದ.

"ಇಲ್ಲ, ಮುರದಿಲ್ಲ," ಎಂದು ಅಜ್ಜಾರು ಒಪ್ಪಿದರು.

ಮತ್ತೂ ಕೆಲವು ವಾರಗಳಲ್ಲಿ ಹಣ್ಣು ಕೈ ಬಿಟ್ಟ ತಕ್ಷಣ ಓಡತೊಡಗಿತು. ಗದಿಗೆಪ್ಪನಿಗೆ ಒಂದು ಉಪಾಯ ಹೊಳೆಯಿತು. ಎಲ್ಲ ಸಾಮಾನನ್ನೂ ಹಗ್ಗ ಕಟ್ಟಿ ಒಬ್ಬನೇ ಇಳಿಸಿದ. ಹಲಗೆಯನ್ನು ಹೊರಗೆಳೆದು ಅಡಿಮೇಲು ಮಾಡಿ ಕೂರಿಸಿದ. ಕೆಳಗೆ ಬಾಗಿದ್ದದ್ದು ಈಗ ಮೇಲಕ್ಕೆ ಉಬ್ಬಿತು. ಅದರ ಮೇಲೆ ಮತ್ತೆ ಎಲ್ಲವನ್ನೂ ಏರಿಸಿದ. ಏರಿಸುವಾಗ ಅವನ ಸೊಂಟದಲ್ಲಿ ಏನೋ ಚಳಕ್ಕೆಂದಿತು. ಯಾರಿಗೂ ಹೇಳಲಿಲ್ಲ. ಅಜ್ಜಾರನ್ನು ಬಿಟ್ಟರೆ ಹೇಳಲು ಇದ್ದವರಾದರೂ ಯಾರು?

ಅಜ್ಜಾರು ನಿಂಬೆಹಣ್ಣು ಇಟ್ಟರು. ಅದು ಗೋಡೆಯ ಕಡೆಗೇ ವಾಲಿ ನಿಂತಿತು.

"ಸರಿಹೋತು ನೋಡ್ರಿ ಅಜ್ಜಾರ."

"ಹಲಗಿ ಮಗ್ಗಲ ಬದಲಾತು," ಎಂದರು ಅಜ್ಜಾರು. "ಭಾರ ಎಲ್ಲಿತ್ತೋ ಅಲ್ಲೇ ಐತಿ."

ಮಳೆಗಾಲ ಬಂತು. ಹಲಗೆ ತೇವ ಕುಡಿಯಿತು. ಉಬ್ಬು ಇಳಿದು ಸಮವಾಯಿತು, ಸಮವಾಗಿದ್ದದ್ದು ಕುಗ್ಗಿತು. ನಿಂಬೆಹಣ್ಣು ಹಳೆಯ ದಾರಿ ಹಿಡಿದು ಮತ್ತೆ ಕೊಪ್ಪರಿಗೆಗೆ ಬಂದು ಬಡಿಯಿತು.

ಆ ದಿನಗಳಲ್ಲಿ ಹೊಳೆ ತುಂಬಿ, ದಾಟಿ ಬರುವವರೂ ಇರಲಿಲ್ಲ. ಗದಿಗೆಪ್ಪ ಅಜ್ಜಾರಿಗೆ ಗಂಜಿ ಕೊಟ್ಟು, ಆಮೇಲೆ ಪಡಸಾಲೆಯಲ್ಲಿ ತಾನೊಬ್ಬನೇ ತಟ್ಟೆ ಹಾಕಿಕೊಂಡು ಕೂರುತ್ತಿದ್ದ. ಪಡಸಾಲೆ ಉದ್ದಕ್ಕೂ ಊಟದ ಪಂಕ್ತಿಗೆಂದು ಹಾಸಿದ ಕಲ್ಲುಗಳು ಸವೆದು ನುಣುಪಾಗಿದ್ದವು. ಮುಂಚೆ ಅಲ್ಲಿ ಕೂತವರ ಹೆಸರುಗಳನ್ನು ಅವನು ಒಮ್ಮೊಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಬಾಳಪ್ಪನ ಕಲ್ಲು ಅವನ ಕಲ್ಲಿನ ಪಕ್ಕದ್ದು.

ಒಂದು ಮಧ್ಯಾಹ್ನ ಉಗ್ರಾಣದಲ್ಲಿ ಟಕ್ಕೆಂದು ಸದ್ದು ಕೇಳಿತು. ಗದಿಗೆಪ್ಪ ಹೋಗಿ ನೋಡಿದರೆ ಹಲಗೆಯ ಅಡಿಯಲ್ಲಿ, ನಟ್ಟನಡುವೆ, ಕೂದಲಿನಷ್ಟು ಬಿರುಕು. ಹೊಳೆಯ ನೀರು ಆಗಲೇ ಹಿತ್ತಲಿನ ಬೇಲಿಗೆ ಬಂದಿತ್ತು. ಅವನು ಎರಡೂ ಕೈಗಳನ್ನು ಹಲಗೆಯ ಕೆಳಗೆ ಕೊಟ್ಟು ನಿಂತ. ಬಿಟ್ಟರೆ ಬೀಳುತ್ತದೆ ಎಂಬ ಭಯಕ್ಕೆ ಅಲ್ಲಿಂದ ಅಲುಗಾಡಲಿಲ್ಲ.

ಅಜ್ಜಾರು ಬಂದರು. ಅವನನ್ನು ನೋಡಿದರು, ಹಲಗೆಯನ್ನು ನೋಡಿದರು.

"ಎಷ್ಟೊತ್ತು ನಿಂತಿರ್ತಿ?"

ಗದಿಗೆಪ್ಪ ಹಲಗೆಯನ್ನು ಇನ್ನಷ್ಟು ಒತ್ತಿ ಹಿಡಿದ.

ಅಜ್ಜಾರು ಕಷ್ಟಪಟ್ಟು ನೆಲಕ್ಕೆ ಕೂತರು. ತಮ್ಮ ಊರುಗೋಲನ್ನು ಹಲಗೆಯ ನಡುವಿಗೆ ನೆಟ್ಟಗೆ ನಿಲ್ಲಿಸಿದರು. ಸಂದಿಯಿದ್ದಲ್ಲಿ ಒಂದು ಚಕ್ಕೆ ತುರುಕಿದರು. ಆಮೇಲೆ, "ಬಿಡು," ಎಂದರು.

ಗದಿಗೆಪ್ಪ ಹೆದರುತ್ತಾ ಕೈ ಬಿಟ್ಟ. ಹಲಗೆ ಕೋಲಿನ ಮೇಲೆ ಕೂತು ಸುಮ್ಮನಾಯಿತು.

"ಎಬ್ಬಸು ನನ್ನ," ಎಂದು ಅಜ್ಜಾರು ಕೈ ಚಾಚಿದರು.

ಅವರಿಗೀಗ ಕೋಲಿರಲಿಲ್ಲ. ಗದಿಗೆಪ್ಪನ ಹೆಗಲ ಮೇಲೆ ಕೈಯಿಟ್ಟು ಹೆಜ್ಜೆ ಹಾಕಿದರು. ಅಂಗಳ ದಾಟುವಷ್ಟರಲ್ಲಿ ಎರಡು ಕಡೆ ನಿಂತರು.

"ಇವತ್ತ ಬಿದಿರು ಕಡಿದು ಹೊಸ ಕೋಲು ಮಾಡಿ ಕೊಡ್ತೀನ್ರಿ."

"ಬ್ಯಾಡ. ನನ್ನ ಕೋಲು ಐತಲ್ಲ. ಸದ್ಯ ಅದಕ್ಕ ಕೆಲಸ ಐತಿ, ಅಷ್ಟ."

ಮರುದಿನ ಬೆಳಿಗ್ಗೆ ಮಳೆ ಹೊಳವಾಗಿತ್ತು. ಅಜ್ಜಾರು ಕೂಗಿದರು. "ಹಲಗಿಗೆ ಕಾಲು ಯಾರು?"

"ನಾನ್ರಿ."

ಬೇವಿನ ದಿಮ್ಮಿಯನ್ನು ಕೆತ್ತಿ ಅವನು ಒಳ್ಳೆಯ ಕಾಲು ಮಾಡಿದ, ಅಜ್ಜಾರ ಕೈಗೆ ಎತ್ತಲಾಗದಷ್ಟು ಭಾರದ್ದು. ಅದನ್ನು ಕೂರಿಸುವುದಕ್ಕೆ ಬಗ್ಗಿ, ಬೆನ್ನು ಕೊಟ್ಟು ಹಲಗೆಯನ್ನು ಮೇಲೆತ್ತಿದ. ಎತ್ತಿದರೆ ಕಾಲು ಇಡಲು ಕೈ ಇಲ್ಲ. ಕಾಲು ಹಿಡಿದರೆ ಎತ್ತಲು ಬೆನ್ನು ಸಾಲದು. ಸೊಂಟ ಹಿಡಿದುಕೊಂಡಿತು. ಮೊದಲಿನ ಹಾಗೆ ಹಗ್ಗ ಕಟ್ಟಿ ಎಲ್ಲವನ್ನೂ ಇಳಿಸಲು ಅವನಲ್ಲಿ ಬಲವಿರಲಿಲ್ಲ. ಮತ್ತೆ ಮತ್ತೆ ಮಾಡಿದ. ಕೊನೆಗೆ ಬೇವಿನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟ.

ಅಜ್ಜಾರು ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದಿದ್ದರು. "ಆತೇನು?"

"ಆಗವಲ್ದ್ರಿ."

ಈ ಮಾತು ಅವನ ಬಾಯಿಂದ ಆ ಆಶ್ರಮದಲ್ಲಿ ಯಾರೂ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

"ಒಬ್ಬಂವ ಎತ್ತಿ ಹಿಡೀಬೇಕ್ರಿ. ಇನ್ನೊಬ್ಬಂವ ಕಾಲು ಕೂಡಿಸ್ಬೇಕು."

"ಯಾರು?" ಎಂದರು ಅಜ್ಜಾರು, ದಿನಾ ಬೆಳಿಗ್ಗೆ ಕೇಳುವ ಹಾಗೆಯೇ.

ಗದಿಗೆಪ್ಪ ಕೈ ಎತ್ತಲಿಲ್ಲ.

ಹೊಳೆಯ ದಂಡೆಗೆ ಕರೆದುಕೊಂಡು ಹೋಗು ಎಂದರು ಅಜ್ಜಾರು. ಅವನ ಹೆಗಲು ಹಿಡಿದು ನಡೆದು, ಕಲ್ಲಿನ ಮೆಟ್ಟಿಲ ಮೇಲೆ ಕೂತರು. ಕೆಂಪು ನೀರು ಸುಮ್ಮನೆ ಹರಿಯುತ್ತಿತ್ತು. ಆ ದಂಡೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಗದಿಗೆಪ್ಪ ಕೇಳಿದ. "ಅಜ್ಜಾರ, ಅವರೆಲ್ಲಾ ಯಾಕ ಹೋದ್ರು?"

"ಹಲಗಿ ಎಲ್ಲಿ ಬಾಗೇತಿ?"

"ನಡುವ್ರಿ."

"ತುದಿಗೆ ಯಾಕ ಬಾಗಿಲ್ಲ?"

"ಅಲ್ಲಿ ಗ್ವಾಡಿ ಹಿಡಿದೇತ್ರಿ."

"ನಡುವ ಹಿಡಿಯಾಕ ಬಂದಿದ್ರು. ನೀ ಬ್ಯಾಡ ಅಂದಿ."

"ನಾ ಯಾರಿಗೂ ಬ್ಯಾಡ ಅಂದಿಲ್ಲ್ರಿ! ಯಾರಿಗೂ ತ್ರಾಸ ಆಗಬಾರದಂತ ಎಲ್ಲಾ ನಾನ ಮಾಡಿದ್ನಿ."

"ಹೌದು, ಎಲ್ಲಾ ನೀನ ಮಾಡಿದಿ," ಎಂದರು ಅಜ್ಜಾರು.

ಗದಿಗೆಪ್ಪನಿಗೆ ಖಾಲಿ ಕೊಡ ಹಿಡಿದು ನಿಂತ ಬಾಳಪ್ಪ ನೆನಪಾದ.

"ನೀವ್ಯಾಕ ಆವಾಗ ಒಂದು ಮಾತು ಹೇಳಲಿಲ್ಲ್ರಿ?"

ಅಜ್ಜಾರು ನೀರನ್ನೇ ನೋಡುತ್ತಾ ಹೇಳಿದರು. "ಕೂಗಿದ ಕೂಡಲೇ ಒಂದು ಕೈ ಏಳ್ತಿತ್ತು. ನನಗೂ ಸುಖ ಆತು. ಏಳಲಾರದ ಕೈಗೋಳನ್ನ ನಾನೂ ನೋಡ್ಲಿಲ್ಲ."

ಗುರುವಿನ ಬಾಯಲ್ಲಿ ಇಂಥ ಮಾತು ಬಂದೀತೆಂದು ಅವನು ಎಣಿಸಿರಲಿಲ್ಲ. ಅವರ ಮುಖ ನೋಡಿದ. ಬಹಳ ಮುದಿಯಾಗಿದ್ದರು. ಇಷ್ಟು ಮುದಿಯಾದದ್ದು ಯಾವಾಗ ಎಂದು ಅವನಿಗೆ ತಿಳಿಯಲಿಲ್ಲ.

"ನನ್ನ ದಿನ ಹತ್ರ ಬಂತು, ಗದಿಗೆಪ್ಪಾ."

"ಹಂಗನಬ್ಯಾಡ್ರಿ."

"ನಾ ಹೋದ ಮ್ಯಾಲ ಮುಂಜಾನೆ ಯಾರು ಕೂಗ್ತಾರ?"

"ನಾನ ಕೂಗ್ತೀನ್ರಿ."

"ಕೈ ಯಾರು ಎತ್ತತಾರ?"

ಆ ಅಂಗಳ ಅವನ ಕಣ್ಣ ಮುಂದೆ ಬಂತು. ಕಟ್ಟೆಯ ಮೇಲೆ ಕೂತು ತಾನೇ ಕೂಗುವುದು. ಕೆಳಗಿಳಿದು ಬಂದು ತಾನೇ ಕೈ ಎತ್ತುವುದು. ಮರುದಿನವೂ ಅದೇ, ಅದರ ಮರುದಿನವೂ. ಗದಿಗೆಪ್ಪ ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತ. ನೆರೆತ ತಲೆಯವನು ಅಳುವುದನ್ನು ನೋಡುವುದು ಕಷ್ಟ. ಅಜ್ಜಾರು ಅವನ ಬೆನ್ನ ಮೇಲೆ ಕೈಯಿಟ್ಟು ಕೂತರು, ಸಮಾಧಾನ ಹೇಳಲಿಲ್ಲ.

ಹೊಳೆ ಇಳಿದು, ದಾಟುವ ಹಾಗಾದ ದಿನ ಅವನು ಅಜ್ಜಾರನ್ನು ಕಟ್ಟೆಯ ಮೇಲೆ ಕೂರಿಸಿ, ಪಕ್ಕದಲ್ಲಿ ನೀರು, ರೊಟ್ಟಿ ಇಟ್ಟು ಆಚೆ ದಂಡೆಯ ಊರಿಗೆ ಹೊರಟ.

ಬಾಳಪ್ಪ ಊರ ಮುಂದಿನ ಬಾವಿಯ ಹತ್ತಿರ ಸಿಕ್ಕ. ದನಗಳು ಕುಡಿಯಲೆಂದು ಇಟ್ಟ ಕಲ್ಲಿನ ಡೋಣಿಗೆ ನೀರು ಸೇದಿ ಹಾಕುತ್ತಿದ್ದ. ಯಾರೂ ಹೇಳಿದ ಕೆಲಸವಲ್ಲ. ಅವನ ಮೀಸೆ ಪೂರ್ತಿ ಬೆಳ್ಳಗಾಗಿತ್ತು.

ಗದಿಗೆಪ್ಪನನ್ನು ಕಂಡು ಅವನ ಕೈ ನಿಂತಿತು. "ಅಜ್ಜಾರು...?"

"ಅದಾರ. ಆರಾಮ ಅದಾರ."

"ಮತ್ತ ನೀ ಯಾಕ ಬಂದಿ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಗದಿಗೆಪ್ಪನಿಗೆ ಮರೆತುಹೋಯಿತು. ಏನೂ ತೋಚದೆ, ಬಾಳಪ್ಪನ ಕೈಯಲ್ಲಿದ್ದ ಕೊಡ ಹಿಡಿಯಲು ತನ್ನ ಕೈ ಚಾಚಿದ. "ಕೊಡಿಲ್ಲೆ, ನಾ ಹಾಕ್ತೀನಿ."

ಬಾಳಪ್ಪ ಕೊಡವನ್ನು ಎದೆಗೆ ಎಳೆದುಕೊಂಡ. "ಇಲ್ಲಿಗೂ ಬಂದೇನು?"

ಗದಿಗೆಪ್ಪ ಸುಟ್ಟುಕೊಂಡವನ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡ. ಆ ಕೈಯನ್ನು ಬೆನ್ನ ಹಿಂದೆ ಹಿಡಿದು ನಿಂತ.

"ಬಾಳಪ್ಪಾ, ಒಂದು ಹಲಗಿ ಎತ್ತಬೇಕಾಗೇತಿ. ನನ್ನ ಕೈಲೆ ಆಗವಲ್ದು."

"ಏನಂದಿ?"

"ನನ್ನ ಕೈಲೆ ಆಗವಲ್ದು."

ಬಾಳಪ್ಪ ಕೊಡವನ್ನು ಡೋಣಿಯ ಅಂಚಿನ ಮೇಲಿಟ್ಟ. ಗದಿಗೆಪ್ಪ ನೆಲ ನೋಡುತ್ತಾ ಹೇಳಿದ. "ಅವತ್ತ ನೀ ಖಾಲಿ ಕೊಡ ಹಿಡಕೊಂಡು ನಿಂತಿದ್ದಿ. ನಾ ಅಡಗಿ ಮನಿ ಬಾಗಲದಾಗ ನಿಂತು ನೋಡಿದ್ನಿ. ಮೈಗಳ್ಳ ಅಂದ್ನಿ. ತಪ್ಪಾತು."

ಒಂದು ಎಮ್ಮೆ ಬಂದು ಅವರಿಬ್ಬರ ನಡುವೆ ತಲೆ ಹಾಕಿ ನೀರು ಕುಡಿಯಿತು.

"ನೀ ಕರಿಯಾಕ ಬರ್ತಿ ಅಂತ ನಾ ಬಾಳ ದಿನ ದಾರಿ ನೋಡಿದ್ನಿ," ಎಂದ ಬಾಳಪ್ಪ ಕೊನೆಗೆ. "ಆಮ್ಯಾಲ ನೋಡೂದು ಬಿಟ್ನಿ."

ಗದಿಗೆಪ್ಪ ಬೆನ್ನ ಹಿಂದೆ ಕೈ ಹಿಡಿದು ಹಾಗೇ ನಿಂತಿದ್ದ.

"ಹಲಗಿ ಎತ್ತತೀನಿ," ಎಂದು ಬಾಳಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಎತ್ತಿ ಹೊಂಟುಬಿಡ್ತೀನಿ. ಇರು ಅನಬ್ಯಾಡ."

"ಇಲ್ಲ, ಅನಂಗಿಲ್ಲ."

ಇಬ್ಬರೂ ಹೊಳೆ ದಾಟಿ ಬಂದರು. ಬಾಳಪ್ಪ ಅಜ್ಜಾರ ಪಾದ ಮುಟ್ಟಿದಾಗ ಅವರು ಅವನ ತಲೆ ಸವರಿ, "ಮೀಸಿ ಚಲೋ ಆಗ್ಯಾವ," ಎಂದರು. ಬೇರೆ ಏನೂ ಕೇಳಲಿಲ್ಲ.

ಉಗ್ರಾಣದಲ್ಲಿ ಬಾಳಪ್ಪ ಹಲಗೆಯ ಕೆಳಗೆ ಬೆನ್ನು ಕೊಟ್ಟ. "ಹೂಂ," ಎಂದು ಎತ್ತಿದ. ಗದಿಗೆಪ್ಪ ಬೇವಿನ ಕಾಲನ್ನು ಬಿರುಕಿನ ಅಡಿಗೆ ತಳ್ಳಿ ಬೆಣೆ ಹೊಡೆದ. "ಬಿಡು," ಎಂದ. ಬಾಳಪ್ಪ ಮೆಲ್ಲಗೆ ಬಿಟ್ಟ.

ಮುಗಿಯಿತು. ಎಷ್ಟೋ ದಿನ ನುಂಗಿದ ಕೆಲಸ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿದುಹೋಯಿತು. ಗದಿಗೆಪ್ಪನಿಗೆ ಅದಕ್ಕೇ ಹೆಚ್ಚು ದುಃಖವಾಯಿತು.

ಅಜ್ಜಾರ ಕೋಲನ್ನು ತಂದು ಕೊಟ್ಟ. ಅವರು ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಕೋಲು ಸ್ವಲ್ಪ ಬಾಗಿತ್ತು.

"ಇದಕ್ಕೂ ಸಾಕಾಗಿತ್ತು," ಎಂದರು.

ಹೊತ್ತು ಇಳಿದಿದ್ದರಿಂದ ಬಾಳಪ್ಪ ಆ ರಾತ್ರಿ ಅಲ್ಲೇ ಮಲಗಿದ. ಊಟಕ್ಕೆ ಕೂರುವಾಗ ತನ್ನ ಹಳೆಯ ಕಲ್ಲನ್ನು ಒಮ್ಮೆ ನೋಡಿದ, ಅದರ ಮೇಲೆ ಕೂರಲಿಲ್ಲ, ಎದುರಿಗೆ ಕೂತ. ಗದಿಗೆಪ್ಪ ಅದನ್ನು ನೋಡಿ ಸುಮ್ಮನೆ ಬಡಿಸಿದ.

ಬೆಳಗಾಯಿತು. ಬಾಳಪ್ಪ ತನ್ನ ಗಂಟು ಕಟ್ಟಿಕೊಂಡು ಕಂಬದ ಹತ್ತಿರ ನಿಂತಿದ್ದ. ಹೊರಡುವ ಮುಂಚೆ ಅಜ್ಜಾರಿಗೆ ಹೇಳಿ ಹೋಗಬೇಕಲ್ಲ.

ಅಜ್ಜಾರು ಕಟ್ಟೆಯ ಮೇಲೆ ಬಂದು ಕೂತರು. ಬಾಗಿದ ಕೋಲನ್ನು ಪಕ್ಕಕ್ಕಿಟ್ಟರು. ಅಂಗಳದ ಕಡೆ ನೋಡಿದರು. ಕಂಬದ ಕಡೆಯೂ ನೋಡಿದರು.

"ನೀರು ಯಾರು?"

ಗದಿಗೆಪ್ಪನ ಕೈ ಎದ್ದಿತು. ಕಿವಿಯ ತನಕ ಬಂದದ್ದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದ. ಮತ್ತೆ ಏಳುತ್ತದೇನೋ ಎಂಬ ಭಯಕ್ಕೆ ಅದನ್ನು ತೊಡೆಯ ಅಡಿಗೆ ಹಾಕಿಕೊಂಡು ಕೂತ.

ಅಂಗಳ ಸುಮ್ಮನಾಯಿತು. ಹೊಳೆಯ ಸದ್ದು ಅಷ್ಟು ಹತ್ತಿರ ಎಂದು ಅವನಿಗೆ ಯಾವತ್ತೂ ಗೊತ್ತಿರಲಿಲ್ಲ. ಅಜ್ಜಾರು ಎರಡನೆಯ ಸಲ ಕೂಗಲಿಲ್ಲ. ಬಾಳಪ್ಪ ಗಂಟನ್ನು ಹೆಗಲಿಗೇರಿಸಿದ. ಗದಿಗೆಪ್ಪ ಕಣ್ಣು ಮುಚ್ಚಿಕೊಂಡ. ಹೋಗಲಿ, ನೀರಿಲ್ಲದೆ ಇವತ್ತೊಂದು ದಿನ ಕಳೆಯಲಿ, ತಾನು ಮಾತ್ರ ಕೈ ಎತ್ತುವುದಿಲ್ಲ ಎಂದುಕೊಂಡ.

"ನಾನ್ರಿ."

ಗದಿಗೆಪ್ಪ ಕಣ್ಣು ತೆರೆದ. ಬಾಳಪ್ಪನ ಗಂಟು ಕಂಬದ ಬುಡದಲ್ಲಿತ್ತು, ಕಟ್ಟು ಬಿಚ್ಚಿರಲಿಲ್ಲ. ಅವನು ಗೂಟದಿಂದ ಕೊಡ ಇಳಿಸಿಕೊಂಡು, ಒಳಗೆ ಕೈ ಹಾಕಿ ಜೇಡರ ಬಲೆ ಒರೆಸಿ, ಯಾರ ಮುಖವನ್ನೂ ನೋಡದೆ ಹೊಳೆಯ ಕಡೆ ಇಳಿದು ಹೋದ.

ಗದಿಗೆಪ್ಪ ತೊಡೆಯಡಿಯ ಕೈಯನ್ನು ಮೆಲ್ಲಗೆ ಹೊರತೆಗೆದ. ಅದು ಜೋಮು ಹಿಡಿದಿತ್ತು. ಎರಡೂ ಕೈಗಳನ್ನು ಮುಂದೆ ಇಟ್ಟುಕೊಂಡು ನೋಡಿದ. ಅವುಗಳಿಗೆ ಕೊಡಲು ಅವನ ಹತ್ತಿರ ಯಾವ ಕೆಲಸವೂ ಇರಲಿಲ್ಲ.

"ಅಜ್ಜಾರ, ಈಗ ನಾ ಏನ್ ಮಾಡ್ಲ್ರಿ?"

ಅಜ್ಜಾರು ಹೊಳೆಗೆ ಇಳಿಯುವ ದಾರಿಯ ಕಡೆ ಗದ್ದ ತೋರಿಸಿದರು.

"ಅಂವ ಬರೂತನಕ ದಾರಿ ನೋಡು."